ಕೃಷ್ಣೆಯನ್ನು ಪಡುವಲಕ್ಕೆ ಹರಿಸಿದ ಮಾಸ್ತರ

ನಮ್ಮ ಶಾಲೆಯ ಮಕ್ಕಳಿಗೆ ಸಮುದ್ರ ತೋರಿಸಲು ತಗಲಿದ್ದು ಇಷ್ಟು: ಒಂದು ಬಾಡಿಗೆ ಬಸ್ಸು, ಎರಡು ದಿನಕ್ಕಾಗುವಷ್ಟು ಕಡಕ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಒಂದು ಸುಳ್ಳು. ಬಸ್ಸಿನವನ ಮುಂದೆ ಮೂರು ಸಲ ಎದ್ದು ಹೊರಟಂತೆ ಮಾಡಿ ಬಾಡಿಗೆ ಇಳಿಸಿದೆ. ರೊಟ್ಟಿ ಮನೆಮನೆಯಿಂದ ಬಂದವು. ಸುಳ್ಳಿನ ಬೆಲೆ ಮಾತ್ರ ಚೌಕಾಶಿ ಇಲ್ಲದೆ ಪೂರ್ತಿ ಕೊಟ್ಟೆ. ಅದೂ ಒಮ್ಮೆಲೇ ಅಲ್ಲ, ವರ್ಷಾನುಗಟ್ಟಲೆ. ಯಾಕೆ ಕೊಡಬೇಕಾಯಿತು ಎಂದರೆ, ಹೆಣ್ಣುಮಕ್ಕಳ ಮನೆಯವರಿಂದ ಸಹಿ ಲಗೂನೆ ಬೇಕಾಗಿತ್ತು, ಖರೆ ಹೇಳಿದರೆ ಸಿಗಲಿಕ್ಕಿಲ್ಲ ಎಂದು ನಾನೇ ಲೆಕ್ಕ ಹಾಕಿದ್ದೆ. ವ್ಯವಹಾರ ಬಲ್ಲೆನೆಂದು ಮೀಸೆ ತಿರುವುತ್ತಿದ್ದ ನನ್ನ ಲೆಕ್ಕ ತಪ್ಪಿದ್ದು ಅಲ್ಲೇ.

ಹೊಸದಾಗಿ ಸಮಾಜ ವಿಜ್ಞಾನದ ಮಾಸ್ತರಿಕೆಗೆ ಬಂದಿರುವ ಹುಡುಗರು, ಹುಡುಗಿಯರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಉಪಯೋಗವಿಲ್ಲ. ತಪ್ಪಿದ್ದನ್ನು ಹೇಳುತ್ತೇನೆ, ಅದರಿಂದ ಉಪಯೋಗ ಐತಿ.

ನಾನು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊತ್ತು ಓದಿದವನು. ಆ ಗೋದಾಮಿನ ಧೂಳಿನಲ್ಲಿ ಸೀನುತ್ತ ಸೀನುತ್ತ ಎರಡು ವಿದ್ಯೆ ಕಲಿತೆ. ಒಂದು, ಕೇಳಿದ ದರದ ಅರ್ಧದಿಂದ ಮಾತು ಶುರು ಮಾಡುವುದು. ಇನ್ನೊಂದು, ಹತ್ತು ಜನರೊಂದಿಗೆ ಮಾತಾಡುವ ಬದಲು ಆ ಹತ್ತು ಜನ ಯಾರ ಮಾತು ಕೇಳುತ್ತಾರೋ ಅವರನ್ನು ಹಿಡಿಯುವುದು. ಬಿ.ಎ. ಆಯಿತು, ಬಿ.ಎಡ್. ಆಯಿತು, ಎಂಬತ್ತರ ದಶಕದ ಮೊದಲ ಭಾಗದಲ್ಲಿ ತೆಲಸಂಗದ ಕಡೆ ಮಾಸ್ತರನಾದೆ. ಒಣಭೂಮಿ. ಅಲ್ಲಿಯ ಮಕ್ಕಳು ಹೊಳೆಯನ್ನೇ ಕಂಡಿರಲಿಲ್ಲ, ಪಠ್ಯದಲ್ಲಿ ಮಾತ್ರ ಸಾಗರ, ಕೊಲ್ಲಿ, ಭೂಶಿರ, ಉಬ್ಬರವಿಳಿತ.

ಮೊದಲ ವರ್ಷದ ಪರೀಕ್ಷೆಯಲ್ಲಿ 'ಉಬ್ಬರವಿಳಿತ ಎಂದರೇನು?' ಎಂದು ಕೇಳಿದ್ದೆ. ಒಬ್ಬ ಹುಡುಗ ಬರೆದಿದ್ದ: 'ಸಮುದ್ರಕ್ಕೆ ದಿನಕ್ಕೆ ಎರಡು ಸಲ ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ ಇಳಿಯುತ್ತದೆ. ಅದಕ್ಕೆ ಔಷಧ ಚಂದ್ರ.' ಇಡೀ ಸ್ಟಾಫ್ ರೂಮಿಗೆ ಓದಿ ಹೇಳಿ ನಗಿಸಿದೆ. ಸೊನ್ನೆ ಹಾಕಿದೆ. ಈಗ ಅನ್ನಿಸುತ್ತದೆ, ದಿನಕ್ಕೆ ಎರಡು ಸಲ ಎಂದು ಬರೆದಿದ್ದ, ಚಂದ್ರನ ಸಂಬಂಧ ಗೊತ್ತಿತ್ತು. ಅವನ ಹಳ್ಳಿಯಲ್ಲಿ ಉಬ್ಬರ ಎಂದರೆ ಹೊಟ್ಟೆಯದೊಂದೇ. ಶಬ್ದ ನಾನು ತಿಳಿಸಿರಲಿಲ್ಲ, ತಪ್ಪು ಅವನದಾಯಿತು.

ಅಲ್ಲಿಂದ ಅಥಣಿ ತಾಲೂಕಿನದೇ, ಕೃಷ್ಣಾ ದಂಡೆಯ ಒಂದು ಹೈಸ್ಕೂಲಿಗೆ ಬಂದೆ. ಸುತ್ತಲೂ ಕಬ್ಬು, ದ್ರಾಕ್ಷಿ. ಅಲ್ಲಿಯ ಹೆಡ್ ಮಾಸ್ತರರಿಗೆ ನಕಾಶೆ ಎಂದರೆ ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸುವ ವಸ್ತು. ಸಾಗರಗಳ ದೊಡ್ಡ ನಕಾಶೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತಿ ಕಪಾಟಿನಲ್ಲಿ ಬೀಗ ಹಾಕಿದ್ದರು. ಕೇಳಲು ಹೋದರೆ, "ಹುಡುಗೂರು ಬಳ್ಳಿಟ್ಟು ಹೊಲಸು ಮಾಡ್ತಾರ್ರಿ ಭೂಗೋಳದವರ," ಎನ್ನುತ್ತಿದ್ದರು. ನನಗೆ ಅವರು ಇಟ್ಟ ಹೆಸರು ಭೂಗೋಳದವರು.

"ಬಳ್ಳಿಡಾಕ ಅಲ್ಲೇನ್ರಿ ಸರ್ ನಕಾಶಿ ಇರೂದು?"

"ಸಮುದ್ರದ ಮ್ಯಾಲ ಬಳ್ಳ ಇಟ್ರ ಸಮುದ್ರ ಆರೂದಿಲ್ಲ, ಬಣ್ಣ ಹೋಗತೈತಿ. ಹೊಸದಕ್ಕ ನೀವು ರೊಕ್ಕ ಕೊಡ್ತೀರೇನು?"

ನಾನು ಅರ್ಧದಿಂದ ಶುರು ಮಾಡಿದೆ. ವಾರಕ್ಕೆ ಎರಡು ತಾಸು ನಕಾಶೆ ಹೊರಗೆ, ಬೆರಳಿನ ಬದಲು ಜೋಳದ ದಂಟಿನ ಕಡ್ಡಿ. ಒಪ್ಪಿದರು. ಹೆಡ್ ಮಾಸ್ತರರ ಜೊತೆ ಸಿಟ್ಟಿಗೇಳುವುದಕ್ಕಿಂತ ಕಡ್ಡಿ ತರುವುದು ಅಗ್ಗ, ಇದನ್ನು ನೀವೂ ನೆನಪಿಡಿ.

ಆ ಊರಿನಲ್ಲಿ ನನ್ನ ಒಂದು ಪಾಠ ಮಾತ್ರ ನಿಜವಾಗಿ ಚಲೋ ಆಗಿತ್ತು. ಕಬ್ಬಿಗೆ ವರ್ಷವಿಡೀ ನೀರು ಬಿಟ್ಟೂ ಬಿಟ್ಟೂ ತಗ್ಗಿನ ಹೊಲಗಳಲ್ಲಿ ಬೆಳ್ಳಗೆ ಉಪ್ಪು ಏಳುತ್ತಿತ್ತು. ನಮ್ಮ ಕಡೆ ಅದಕ್ಕೆ ಸವಳು ಎನ್ನುತ್ತಾರೆ. ಮಕ್ಕಳನ್ನು ಅಂಥ ಹೊಲಕ್ಕೆ ಕರೆದೊಯ್ದು ಚಿಟಿಕೆ ಮಣ್ಣು ನೀರಿನಲ್ಲಿ ಕದಡಿಸಿ, ತಿಳಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಹೇಳುತ್ತಿದ್ದೆ: "ಹೊಳಿ ನೆಲಾ ತೊಳಕೋತ ಹೋಗುವಾಗ ಇಂಥಾದ್ದನ್ನ ಹೊತ್ತು ಒಯ್ತೈತಿ. ಲಕ್ಷಾಂತರ ವರ್ಷ ಒಯ್ದು ಹಾಕೇತಿ. ನೀರು ಆವಿ ಆಗಿ ತಿರುಗಿ ಬರತೈತಿ, ಉಪ್ಪು ಬರೂದಿಲ್ಲ. ಅದಕ್ಕ ಸಮುದ್ರ ಉಪ್ಪು." ಮಕ್ಕಳು ಥೂ ಎಂದು ಉಗುಳುತ್ತ ನಗುತ್ತಿದ್ದರು. ಆದರೆ ಆ ಉತ್ತರವನ್ನು ಯಾರೂ ಮರೆಯಲಿಲ್ಲ.

ಒಂದು ವರ್ಷ ಹಾಗೆ ಉಗುಳದೆ ನುಂಗಿ ನಿಂತವಳು ಕಸ್ತೂರಿ. ಒಂಬತ್ತನೇ ಇಯತ್ತೆ, ತೆಳ್ಳಗಿನ ಹುಡುಗಿ. ತಂದೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ, ತಾಯಿ ಗೌರವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಕಸ್ತೂರಿ ಕೈ ಎತ್ತಿದಳೆಂದರೆ ನನಗೆ ಒಳಗೊಳಗೇ ಗಾಬರಿ. ಒಮ್ಮೆ ಅಣೆಕಟ್ಟಿನ ಪಾಠದಲ್ಲಿ ನೋಟ್ಸ್ ಬರೆಸುತ್ತಿದ್ದೆ: 'ವ್ಯರ್ಥವಾಗಿ ಸಮುದ್ರದ ಪಾಲಾಗುವ ನೀರನ್ನು ತಡೆದು ನಿಲ್ಲಿಸುವುದೇ ಅಣೆಕಟ್ಟುಗಳ ಉದ್ದೇಶ.' ಪತ್ರಿಕೆಯಲ್ಲಿ ಹಾಗೇ ಬರೆಯುತ್ತಿದ್ದರು, ಭಾಷಣದಲ್ಲಿ ಹಾಗೇ ಹೇಳುತ್ತಿದ್ದರು, ನಾನೂ ಹಾಗೇ ಬರೆಸಿದೆ.

"ಸರ್, ಪಾಲು ಅಂದ್ರ ಪಾಲಿಗೆ ಬಂದದ್ದು ಅಲ್ರಿ? ನಮ್ಮ ಕಾಕಾ ಹೊಲಾ ಪಾಲಿಗೆ ಮಾಡ್ಯಾನ. ಅರ್ಧಾ ಪಾಲು ಮಾಲಕಗ ಕೊಡ್ತಾನ. ಅದು ವ್ಯರ್ಥ ಹ್ಯಾಂಗ ಆಗತೈತ್ರಿ?"

"ಇದು ಬ್ಯಾರೆ ಪಾಲು. ಬರಕೋ."

ಬರೆದುಕೊಂಡಳು. ನಾನು ಮುಂದಿನ ವಾಕ್ಯಕ್ಕೆ ಹೋದೆ. ಈ 'ಬರಕೋ' ಎಂಬ ಶಬ್ದವನ್ನು ನನ್ನ ಇಡೀ ನೌಕರಿಯಲ್ಲಿ ಎಷ್ಟು ಸಲ ಅಂದಿದ್ದೇನೋ. ಅದರಲ್ಲಿ ಅರ್ಧಕ್ಕರ್ಧ, ಉತ್ತರ ಗೊತ್ತಿಲ್ಲದಾಗ ಅಂದದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಚಳಿಗಾಲ ಸಮುದ್ರ ತೋರಿಸಲು ಕರೆದೊಯ್ಯುವ ನಿರ್ಧಾರ ಮಾಡಿದೆ. ನಮ್ಮ ಭಾಗದ ಒಂದು ಸಂಗತಿ ವಿಚಿತ್ರ. ನಿಪ್ಪಾಣಿಯಿಂದ ಆಜರಾ ದಾಟಿ ಆಂಬೋಲಿ ಘಾಟ ಇಳಿದರೆ ಕೊಂಕಣದ ಕಡಲು ಅರ್ಧ ದಿನದ ಹಾದಿ. ಆದರೆ ನಮ್ಮ ಹೊಳೆಗಳು ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಲಕ್ಕೆ ಹರಿಯುತ್ತವೆ. ದೇಶದ ಇನ್ನೊಂದು ಮಗ್ಗುಲು ತಲುಪಿ, ಆಂಧ್ರ ದಾಟಿ, ಬಂಗಾಳ ಕೊಲ್ಲಿ ಸೇರುತ್ತವೆ. ಇದನ್ನು ಪ್ರತಿ ವರ್ಷ ಕಡ್ಡಿ ಹಿಡಿದು ನಾನೇ ಕಲಿಸುತ್ತಿದ್ದೆ.

ಹುಡುಗರು ತಯಾರಾದರು. ಹುಡುಗಿಯರ ಮನೆಯವರು ಒಪ್ಪಲಿಲ್ಲ. ರಾತ್ರಿ ವಸ್ತಿ, ಘಾಟಿನ ದಾರಿ, ನೀರು. ಹೆಡ್ ಮಾಸ್ತರರು, "ಗಂಡುಹುಡುಗೂರನ್ನಷ್ಟೇ ಒಯ್ರಿ, ತಲಿನೋವ ಕಡಿಮಿ," ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಸ್ತೂರಿಯನ್ನು ಬಿಟ್ಟು ಸಮುದ್ರಕ್ಕೆ ಹೋಗುವುದೆಂದರೆ, ಕೇಳಲು ಕಲಿತವಳನ್ನು ಬಿಟ್ಟು ಕೇಳದವರಿಗೆ ಉತ್ತರ ಕೊಡಲು ಹೋದಂತೆ. ಇಲ್ಲಿಯವರೆಗೆ ನನ್ನ ಮನಸ್ಸು ಶುದ್ಧವೇ ಇತ್ತು. ವಖಾರಿಯ ಬುದ್ಧಿ ಎದ್ದದ್ದು ಆಮೇಲೆ. ಉಳಿದ ತಾಯಂದಿರು ಯಾರ ಮಾತು ಕೇಳುತ್ತಾರೆ? ಗೌರವ್ವನದು. ನೇರ ಕಳೆ ತೆಗೆಯುವ ಹೊಲಕ್ಕೇ ಹೋದೆ.

ಗೌರವ್ವ ಕುರುಪಿ ಬದಿಗಿಟ್ಟು, ಸೆರಗು ತಲೆಗೆಳೆದು ಬದುವಿನ ಮೇಲೆ ಕುಳಿತಳು. ನನ್ನ ಮಾತೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಮಾಸ್ತರ, ಆ ಸಮುದ್ರ ಅಂದ್ರ ನಮ್ಮ ಹೊಳೆವ್ವ ಹೋಗಿ ಕೂಡೂದು, ಅದೇ ಅಲ್ರಿ?"

"ಯಾಕವ್ವಾ?"

"ಒಂದು ಹರಕಿ ಐತ್ರಿ." ಉಳಿದ ಹೆಂಗಸರು ಕಳೆ ಬಿಟ್ಟು ಹತ್ತಿರ ಬಂದರು, ಅವರಿಗೆ ಗೊತ್ತಿದ್ದ ಕಥೆ. "ಕಸ್ತೂರಿ ಹುಟ್ಟೂ ಮುಂದ ಹೊಳಿ ಬಂದಿತ್ತು. ನಾವು ದಂಡಿ ಮ್ಯಾಲ ಗುಡಸಲದಾಗ ಇದ್ವಿ. ನನಗ ಬ್ಯಾನಿ ಚಾಲೂ ಆಗ್ಯಾವ, ನೀರು ಹೊಸ್ತಿಲಕ ಬಂದೈತಿ. ಎಲ್ಲಿಗೆ ಓಡ್ಲಿ? 'ಯವ್ವಾ, ಹೊಳ್ಳಿ ಹೋಗು, ನಿನ್ನ ಗಂಡನ ಮನಿಗೆ ಉಡಿ ಕಳಸ್ತೀನಿ' ಅಂದ್ನ್ರಿ. ಹೊಸ್ತಿಲಾ ತೊಳದು ಹೊಳ್ಳಿ ಹೋದ್ಲು. ಕೂಸು ಉಳೀತು. ಹೊಳಿಗೆ ಇಲ್ಲಿ ಎಲ್ಲಾರೂ ಉಡಿ ತುಂಬ್ತೀವಿ. ಆದ್ರ ಗಂಡನ ಮನಿಗೆ ಕಳಸ್ತೀನಿ ಅಂದೀನಲ್ಲ, ಅದು ತೀರಿಲ್ಲ. ನೀವು ಅಲ್ಲಿಗೇ ಹೊಂಟಿದ್ರ ಹುಡುಗಿ ಕೈಲೆ ಕಳಸ್ತೀನ್ರಿ."

ನನ್ನ ಬಾಯಲ್ಲಿ ಖರೆ ಉತ್ತರ ತಯಾರಿತ್ತು: 'ಅಲ್ಲವ್ವಾ, ನಾವು ಹೊಂಟಿದ್ದು ಪಡುವಲ ಸಮುದ್ರ, ನಿನ್ನ ಹೊಳಿ ಕೂಡೂದು ಮೂಡಲದ್ದು.' ಆದರೆ ಸುತ್ತ ನಿಂತ ಏಳು ಮಂದಿ ತಾಯಂದಿರ ಮುಖ ನೋಡಿದೆ. ಏಳು ಸಹಿ ಕಂಡವು.

"ಹೌದವ್ವಾ," ಅಂದೆ. "ಸಮುದ್ರ ಎಲ್ಲಾ ಒಂದೇ ಅಲ್ಲೇನು."

"ಅಂದ್ರ ಅದು ಆಕಿ ಗಂಡನ ಮನಿ."

"ಹೌದು."

ಅದೇ ಬದುವಿನ ಮೇಲೆ ಎಂಟು ಹೆಬ್ಬೆಟ್ಟು ಬಿದ್ದವು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ವಾಪಸು ಬರುವಾಗ ಸೈಕಲ್ಲಿನ ಮೇಲೆ ಸಿಳ್ಳೆ ಹಾಕಿಕೊಂಡು ಬಂದೆ.

ಹೊರಡುವ ದಿನ ಬೆಳಗ್ಗೆ ಗೌರವ್ವ ಉಡಿಯ ಗಂಟು ತಂದಳು. ಹಸಿರು ಕುಬಸದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಹಸಿರು ಬಳಿ. ಕಸ್ತೂರಿಯ ಮಡಿಲಿಗೆ ಇಟ್ಟು, ಬಸ್ಸಿನ ಕಿಟಕಿಯ ಹೊರಗೆ ನಿಂತು, ಸೀಟುಗಳ ಕಡೆ ಒಂದು ಸಲ ಕಣ್ಣಾಡಿಸಿದಳು. ಹಿಂದಿನ ನಾಲ್ಕು ಸೀಟು ಖಾಲಿ ಇದ್ದವು. ಏನೋ ಹೇಳಲು ಬಾಯಿ ತೆರೆದಳು. ನಾನು ಹೊತ್ತಾಯಿತೆಂದು ಸೀಟಿ ಊದಿಬಿಟ್ಟೆ.

ಆಂಬೋಲಿಯಲ್ಲಿ ರೊಟ್ಟಿ ಬಿಚ್ಚಲು ಬಸ್ಸು ನಿಲ್ಲಿಸಿದೆವು. ಅಲ್ಲೊಂದು ತೊರೆ. ಮಕ್ಕಳು ಕೈ ತೊಳೆಯುತ್ತಿದ್ದರು. ಕಸ್ತೂರಿ ಒಂದು ಎಲೆ ಹರಿದು ನೀರಿಗೆ ಬಿಟ್ಟು, ಅದು ಹೋಗುವ ದಿಕ್ಕನ್ನೂ ಸೂರ್ಯನನ್ನೂ ನೋಡಿದಳು.

"ಸರ್, ಇದು ನಾವು ಬಂದ ಕಡೆ ಹೊಂಟೈತಿ."

"ಹೂಂ. ಹಿರಣ್ಯಕೇಶಿ. ಘಟಪ್ರಭಾಕ್ಕ ಕೂಡತೈತಿ."

"ಘಟಪ್ರಭಾ ಕೃಷ್ಣಾಕ್ಕ ಕೂಡತೈತಿ, ನೀವೇ ಬರಸೀರಿ. ಸಮುದ್ರ ಆ ಕಡೆ ಐತಿ, ನೀರು ಈ ಕಡೆ ಹೊಂಟೈತಿ. ಮತ್ತ ನಮ್ಮ ಹೊಳಿ ಈ ಸಮುದ್ರ ಹ್ಯಾಂಗ ಕೂಡತೈತ್ರಿ?"

"ಲಗೂ ಊಟಾ ಮಾಡು. ಬಸ್ಸು ಹೊರಡತೈತಿ."

ಅವಳು ಊಟ ಮಾಡಲಿಲ್ಲ. ಘಾಟ ಇಳಿಯುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದಳು, ಗಂಟು ಮಡಿಲಲ್ಲೇ ಇತ್ತು.

ಆ ರಾತ್ರಿ ಅಲ್ಲಿಯ ಒಂದು ಶಾಲೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಕಡಲಿಗೆ ಹೋದೆವು. ಮಕ್ಕಳು ಕೂಗಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಒಬ್ಬ ಹುಡುಗ ನನ್ನ ಅಂಗಿ ಜಗ್ಗಿ ಮೆಲ್ಲಗೆ ಕೇಳಿದ: "ಸರ್, ಇದಕ್ಕ ಆಚಿ ದಂಡಿ ಇಲ್ಲೇನ್ರಿ?" ಹೊಳೆ ನೋಡಿದವನಿಗೆ ಆಚೆಯ ದಂಡೆ ಇಲ್ಲದ ನೀರು ಎಂದರೆ ಗೋಡೆಯಿಲ್ಲದ ಮನೆಯಂತೆ.

ಈಗ ನನ್ನ ಮೂರ್ಖತನ ಕೇಳಿ. ವರ್ಷವರ್ಷವೂ ಉಬ್ಬರವಿಳಿತ ಕಲಿಸಿದ ನಾನು ರೊಟ್ಟಿಯ ಗಂಟು, ಚಪ್ಪಲಿ, ಚೀಲ ಎಲ್ಲವನ್ನೂ ತಂಪಾಗಿದೆ, ಗಟ್ಟಿಯಾಗಿದೆ ಎಂದು ಹಸಿ ಉಸುಕಿನ ಮೇಲೆ ಸಾಲಾಗಿ ಇಡಿಸಿ, ಮಕ್ಕಳನ್ನು ಕಪ್ಪೆಚಿಪ್ಪು ಆರಿಸಲು ಕರೆದೊಯ್ದೆ. ಆ ಉಸುಕು ಯಾಕೆ ಹಸಿ ಐತಿ ಎಂದು ಕೇಳಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಎಸೆದು ಓಡಿ ಬಂದಳು.

"ಪಾಣೀ ಇಲಾ! ಪಾಣೀ ಇಲಾ!"

ನೀರು ಬಂತು ಎಂದು ನಾವು ತಿಳಿಯುವಷ್ಟರಲ್ಲಿ ರೊಟ್ಟಿ ಈಸಾಡುತ್ತಿದ್ದವು. ಆಕೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಚೀಲಗಳನ್ನು ಎಳೆದೆಳೆದು ಒಗೆದಳು. ಚಪ್ಪಲಿ ಕೆಲವು ಹೋದವು. ಆಮೇಲೆ ನನ್ನನ್ನು ಮೇಲೆ ಕೆಳಗೆ ನೋಡಿ ಮರಾಠಿಯಲ್ಲಿ ಕೇಳಿದಳು: "ಗುರೂಜಿ, ಮಕ್ಕಳಿಗೆ ಏನು ಕಲಿಸ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಕಸ್ತೂರಿ ಹೇಳಿದಳು: "ಉಬ್ಬರವಿಳಿತ, ಮಾವಶಿ." ಮಕ್ಕಳು ಬಿದ್ದು ಬಿದ್ದು ನಕ್ಕರು. ತೆಲಸಂಗದ ಹುಡುಗನಿಗೆ ನಾನು ಹಾಕಿದ ಸೊನ್ನೆ ಆ ದಿನ ನನಗೆ ತಿರುಗಿ ಬಂತು.

ಮಕ್ಕಳಿಗೆ ಮರಾಠಿ ಬರುತ್ತಿತ್ತು, ಆಕೆಯ ಮಾತು ನಮ್ಮ ಕಡೆಯದಕ್ಕಿಂತ ಬೇರೆಯಾದರೂ ತಿಳಿಯಿತು. ಆಕೆ ನೀರಿನಲ್ಲಿ ನಿಂತ ತೆಂಗಿನ ಬೊಡ್ಡೆಗಳನ್ನು ತೋರಿಸಿದಳು. ಅವು ತನ್ನ ಮನೆಯ ಹಿತ್ತಲದವಂತೆ. ಮೊದಲು ಮಳೆಗಾಲದಲ್ಲಿ ಅಳಿವೆಗೆ ಕೆಂಪು ನೀರು ಬರುತ್ತಿತ್ತು, ರಾಡಿ ಬರುತ್ತಿತ್ತು, ಉಸುಕು ಬರುತ್ತಿತ್ತು. ರಾಡಿಯಲ್ಲಿ ಮೀನು ಮರಿ ಮಾಡುತ್ತಿದ್ದವು, ಉಸುಕಿನಿಂದ ದಂಡೆ ತುಂಬುತ್ತಿತ್ತು. ಮೇಲೆ ಹೊಳೆಗೆ ಅಡ್ಡ ಬಂದಾರ ಕಟ್ಟಿದರು, ನೀರು ನಿಂತಿತು. ಅಳಿವೆಯ ಬಾಯಿಯ ಉಸುಕನ್ನು ಟ್ರಕ್ಕಿನಲ್ಲಿ ಹೊತ್ತರು. ದಂಡೆಯ ಗಿಡಗಳನ್ನು ಒಲೆಗೆ ಕಡಿದರು. ಈಗ ಪ್ರತಿ ವರ್ಷ ಸಮುದ್ರ ಒಂದೊಂದು ಮಾರು ಒಳಗೆ ಬರುತ್ತದೆ. "ಸಮುದ್ರಾಚಾ ವಾಟಾ" ಎಂದಳು. ಹೊಳೆಯಿಂದ ಸಮುದ್ರಕ್ಕೆ ಒಂದು ವಾಟಾ ಇರುತ್ತದೆ, ಅದನ್ನು ಕೊಡದಿದ್ದರೆ ಅದು ತಾನೇ ಬಂದು ಮನೆಯಿಂದ ವಸೂಲು ಮಾಡುತ್ತದೆ ಎಂದಳು.

ವಾಟಾ ಎಂದರೇನೆಂದು ನಮ್ಮ ಗಡಿಯ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ. ಕಸ್ತೂರಿ ನನ್ನ ಕಡೆ ತಿರುಗಿದಳು.

"ಸರ್, ವಾಟಾ ಅಂದ್ರ ಪಾಲು. ನೀವು ಪಾಲು ಅಂದ್ರ ಹಾಳು ಅಂತ ಬರಸೀರಿ."

ನಾನು ತೋಯ್ದ ಚೀಲ ಹಿಂಡತೊಡಗಿದೆ.

"ಸಾಲ್ಯಾಗ ಸಮುದ್ರಕ್ಕ ಹೋದ ನೀರು ವ್ಯರ್ಥ ಅಂದ್ರಿ. ನಮ್ಮವ್ವನ ಮುಂದ ಗಂಡನ ಮನಿ ಅಂದ್ರಿ. ಯಾವುದು ಖರೇ ಸರ್?"

"ಕಸ್ತೂರಿ, ಸಮುದ್ರ ಎಲ್ಲಾ ಒಂದಕ್ಕೊಂದು ಕೂಡ್ಯಾವ. ನೀರು ಒಂದೇ. ಇಲ್ಲೇ ಬಿಡು ಉಡಿ, ನಿಮ್ಮವ್ವಗ ಸಮಾಧಾನ ಆಗತೈತಿ."

"ಅಥಣ್ಯಾಗ ಕೊಟ್ಟ ಮಗಳ ಉಡಿ ನಿಪ್ಪಾಣ್ಯಾಗ ತುಂಬಿದ್ರ ನಡೀತೈತೇನ್ರಿ? ರಸ್ತಾ ಒಂದೇ ಐತಿ."

ಹದಿನಾಲ್ಕು ವರ್ಷದ ಹುಡುಗಿ. ವಖಾರಿಯ ಯಾವ ವ್ಯಾಪಾರಿಯೂ ನನ್ನನ್ನು ಹಾಗೆ ಕಟ್ಟಿಹಾಕಿರಲಿಲ್ಲ. ಅವಳು ಗಂಟನ್ನು ಬಿಚ್ಚಲಿಲ್ಲ. ಮಡಿಲಲ್ಲಿಟ್ಟು ತಂದಂತೆಯೇ ಮಡಿಲಲ್ಲಿಟ್ಟುಕೊಂಡು ತಿರುಗಿ ಬಂದಳು. ಬಸ್ಸಿನಲ್ಲಿ ಎರಡು ಸಲ ಅವಳ ಹತ್ತಿರ ಹೋಗಿ ಕುಳಿತೆ. 'ಅವ್ವಗ ನಾನೇ ಹೇಳ್ತೀನಿ' ಎನ್ನಬೇಕಿತ್ತು. ಎರಡು ಸಲವೂ, "ನೀರು ಬೇಕೇನು?" ಎಂದು ಕೇಳಿ ಎದ್ದು ಬಂದೆ.

ಅವಳು ತಾಯಿಗೆ ಖರೆ ಹೇಳಿದಳು. ಗೌರವ್ವ ಶಾಲೆಗೆ ಬಂದು ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು, ಜಗಳ ಎಂದರೆ ನನಗೆ ಮಾತಿನ ಕೆಲಸ. ಅವಳು ಬರಲಿಲ್ಲ. ಹೊಲದ ದಾರಿಯಲ್ಲಿ ಸಿಕ್ಕರೆ ಸೆರಗು ಎಳೆದುಕೊಂಡು ಬದಿಗೆ ಸರಿದು ನಿಲ್ಲುತ್ತಿದ್ದಳು. ಸುದ್ದಿ ಊರೆಲ್ಲ ಹಬ್ಬಿತ್ತು, ಉಳಿದ ತಾಯಂದಿರೂ ಹಾಗೆಯೇ. ಮರುವರ್ಷ ಪ್ರವಾಸದ ಚೀಟಿ ಕಳಿಸಿದೆ. ಒಬ್ಬಳೂ ಹೆಬ್ಬೆಟ್ಟು ಒತ್ತಲಿಲ್ಲ. ಅದರ ಮರುವರ್ಷವೂ ಇಲ್ಲ. ಹುಡುಗರನ್ನು ಕರೆದೊಯ್ದೆ. ಬಸ್ಸಿನ ಅರ್ಧ ಖಾಲಿ. ನಾನು ಆ ಊರು ಬಿಡುವ ತನಕ ಇನ್ನೊಬ್ಬ ಹುಡುಗಿ ನನ್ನ ಜೊತೆ ಸಮುದ್ರ ನೋಡಲಿಲ್ಲ. ನನ್ನ ಒಂದು 'ಹೌದು' ಎಂಟು ಜನರನ್ನು ಒಯ್ದಿತು, ಎಷ್ಟು ಜನರನ್ನು ನಿಲ್ಲಿಸಿತೋ ನಾನು ಲೆಕ್ಕ ಇಟ್ಟಿಲ್ಲ. ಇಡುವ ಧೈರ್ಯ ಆಗಲಿಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ. 'ವ್ಯರ್ಥವಾಗಿ ಸಮುದ್ರದ ಪಾಲಾಗುವ' ಎಂಬ ವಾಕ್ಯವನ್ನು ಬಂದ ಮೇಲೆ ಹೊಡೆದು ಹಾಕಬೇಕಿತ್ತು. ಹಾಕಲಿಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆದರೆ ಅಂಕ ಬರುತ್ತಿತ್ತು. ಮತ್ತೆ ಮೂರು ವರ್ಷ ಬರೆಸಿದೆ.

ತೊಂಬತ್ತರ ದಶಕದಲ್ಲಿ ಶಾಲೆಗೆ ಟಿ.ವಿ. ಬಂತು. ಹೆಡ್ ಮಾಸ್ತರರು ಅದನ್ನೂ ಕಪಾಟಿನಲ್ಲಿಟ್ಟರು, ಆದರೆ ತಪಾಸಣೆಯ ದಿನಗಳಲ್ಲಿ ಚಾಲೂ ಮಾಡುತ್ತಿದ್ದರು. ಅದರಲ್ಲಿ ಒಮ್ಮೆ ಕಡಲಿನ ಪಾಠ ಬಂತು. ಮಕ್ಕಳು, "ಗೊತ್ತೈತ್ರಿ ಸರ್, ಪಿಚ್ಚರನ್ಯಾಗ ನೋಡೀವಿ," ಎಂದರು. ಟಿ.ವಿ. ಸಮುದ್ರದಲ್ಲಿ ರೊಟ್ಟಿ ತೋಯುವುದಿಲ್ಲ. ಪ್ರಶ್ನೆ ಕೇಳುವವರೂ ಕಡಿಮೆಯಾದರು.

ಅದೇ ಹೊತ್ತಿಗೆ ಸವಳು ಹಬ್ಬತೊಡಗಿತು. ನಾನು ಮಕ್ಕಳಿಗೆ ಉಪ್ಪು ನೆಕ್ಕಿಸುತ್ತಿದ್ದ ತಗ್ಗಿನ ಹೊಲದ ಪಕ್ಕದ ಹೊಲ, ಅದರ ಪಕ್ಕದ್ದು, ಹೀಗೆ. ಸೊಸಾಯಟಿಯ ಮುಂದೆ ರೈತರ ಸಭೆ ಸೇರಿತ್ತು. ನನಗೆ ಗೊತ್ತಿದ್ದ ವಿಷಯ, ಎದ್ದು ನಿಂತೆ. ಕಬ್ಬಿಗೆ ನೀರು ಕಡಿಮೆ ಬಿಡಿ, ಬಸಿಗಾಲುವೆ ತೋಡಿ ಹೆಚ್ಚಿನ ನೀರು ಹೊಳೆಗೆ ಹೋಗಲು ದಾರಿ ಮಾಡಿ, ಇಲ್ಲದಿದ್ದರೆ ಸಮುದ್ರಕ್ಕೆ ಹೋಗಬೇಕಾದ ಉಪ್ಪು ನಿಮ್ಮ ಹೊಲದಲ್ಲೇ ಕೂಡುತ್ತದೆ ಎಂದೆ. ಊರಿನ ದೊಡ್ಡ ಕಬ್ಬಿನ ಹೊಲದವರು ಬಾಬಗೌಡರು. ಎಲೆ ಅಡಿಕೆ ಉಗುಳಿ ಬಂದು ಹೇಳಿದರು:

"ಕುಂಡ್ರ್ರಿ ಮಾಸ್ತರ. ನೀವು ಕೃಷ್ಣಾನ್ನ ಪಡುವಲಕ್ಕ ಹರಿಸಿದವರು. ಇವತ್ತು ಸಮುದ್ರಾನ್ನ ಅಥಣಿಗೆ ತಂದ್ರಿ. ನಾಳೆ ನಮ್ಮ ಬಾವ್ಯಾಗ ಮೊಸಳಿ ಬಿಡ್ತೀರಿ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕಂತೆ ಮಾಡಿ ಕುಳಿತೆ. ನಾನು ಹೇಳಿದ್ದು ಅಕ್ಷರಶಃ ಖರೆ ಇತ್ತು, ಆದರೆ ಹೇಳಿದ ಬಾಯಿ ಕೆಟ್ಟಿತ್ತು. ಬಸಿಗಾಲುವೆಯ ಮಾತನ್ನು ಆ ಊರು ಕೇಳಿದ್ದು ಎಷ್ಟೋ ಹೊಲ ಬೆಳ್ಳಗಾದ ಮೇಲೆ, ಬೇರೆಯವರ ಬಾಯಿಂದ.

ಕೆಲವು ವರ್ಷದ ನಂತರ ವರ್ಗಾವಣೆಯ ಕಾಗದ ಬಂತು, ರಾಯಬಾಗದ ಕಡೆಗೆ. ಬೇಸಿಗೆ ರಜೆ. ಟ್ರಂಕು ಕಟ್ಟಿ ಮುಗಿದಿತ್ತು. ಅದನ್ನು ಬಿಟ್ಟು ಗೌರವ್ವನ ಮನೆಗೆ ಹೋದೆ. ಅವಳು ಹೊರಗೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು.

"ಬರ್ರಿ ಮಾಸ್ತರ. ಹಾದಿ ತಪ್ಪಿ ಬಂದ್ರೇನು?"

"ಹಾದಿ ತಪ್ಪಿದ್ದು ಹಿಂದೆ, ಗೌರವ್ವಾ. ಅದನ್ನ ಹೇಳಾಕ ಬಂದೀನಿ."

ಅವಳು ಮೊರ ಕೆಳಗಿಟ್ಟು ಒಳಗೆ ಹೋಗಿ ತಂಬಿಗೆ ನೀರು, ಬೆಲ್ಲದ ತುಂಡು ತಂದಳು. ನಾನು ತಯಾರಿ ಮಾಡಿಕೊಂಡು ಹೋದ ಮಾತುಗಳೆಲ್ಲ ಮರೆತುಹೋದವು.

"ಸುಳ್ಳು ಹೇಳಿದ್ನಿ. ಗೊತ್ತಿದ್ದೂ ಹೇಳಿದ್ನಿ. ತಪ್ಪಾತು."

"ಹೂಂ."

"ಆ ಉಡಿ ಎಲ್ಲೈತಿ? ನಾನಾ ಒಯ್ದು ಮುಟ್ಟಸ್ತೀನಿ. ಆಂಧ್ರಕ್ಕ ಹೋಗಿ, ಕೂಡೂ ಜಾಗಾದಾಗೇ ಬಿಟ್ಟು ಬರ್ತೀನಿ."

ಗೌರವ್ವ ನಕ್ಕಳು. ಸಿಟ್ಟಿನ ನಗು ಅಲ್ಲ.

"ಅದು ಯಾವಾಗೋ ಹೋತ್ರಿ. ಆ ಮುಂದಿನ ಮಳಿಗಾಲದಾಗ. ಕಸ್ತೂರಿ ಒಲಿ ಮುಂದಿನ ಬೂದ್ಯಾಗ ಬಳ್ಳಲೆ ಗೀಟು ಹೊಡದು ತೋರಿಸಿದ್ಲು. 'ಯವ್ವಾ, ಹೊಳಿ ಹಿಂಗ ಹೊಂಟು, ಹಿಂಗ ತಿರುಗಿ, ಇಲ್ಲಿ ಕೂಡತಾಳ. ನಾವು ಒಯ್ಯೂದ್ಯಾಕ, ಇಲ್ಲೇ ಬಿಟ್ರ ಆಕೀನಾ ಒಯ್ತಾಳ' ಅಂದ್ಲು. ಬಂದಾರದ ಗೇಟ ಎತ್ತಿದ ದಿನ ಹೆಣ್ಮಕ್ಕಳೆಲ್ಲಾ ಹೋಗಿ ಬಿಟ್ಟು ಬಂದ್ವಿ. ನಡಕ ಎಷ್ಟು ಗೇಟ ಅದಾವೋ, ಎಲ್ಲೆಲ್ಲಿ ತಡವಿತೋ. ಇಷ್ಟು ವರ್ಷಕ್ಕ ಮುಟ್ಟಿರಬೇಕು."

ನಕಾಶೆಯ ಮೇಲೆ ಬೆರಳಿಡಬೇಡಿ ಎಂದವರ ಶಾಲೆಯಲ್ಲಿ ಕಲಿತ ಹುಡುಗಿ ಬೂದಿಯಲ್ಲಿ ಬೆರಳಿಟ್ಟು ತಾಯಿಗೆ ಕಲಿಸಿದ್ದಳು. ಆ ಬದುವಿನ ಮೇಲೆ ನಾನು ಹೇಳಬೇಕಾಗಿದ್ದ ಮಾತು ಅಷ್ಟೇ ಸಣ್ಣದಿತ್ತು.

"ಕಸ್ತೂರಿ ಹ್ಯಾಂಗದಾಳ?"

"ಏಕಸಂಬಿಗೆ ಕೊಟ್ಟೀವ್ರಿ. ಅಂಗನವಾಡ್ಯಾಗ ಅದಾಳ. ಕೂಸುಗೋಳಿಗೆ ಉಸುಕಿನ್ಯಾಗ ಹೊಳಿ ತಗಸ್ತಾಳಂತ."

ಏಳುವ ಮೊದಲು, ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. "ಗೌರವ್ವಾ, ಅವತ್ತು ಖರೇ ಹೇಳಿದ್ರ ನೀ ಹುಡುಗೀನ್ನ ಕಳಸ್ತಿದ್ದಿಲ್ಲಲ್ಲ?"

"ಯಾಕ ಕಳಸ್ತಿದ್ದಿಲ್ಲ? ಹೊಳಿ ಕೂಡದಿದ್ರೇನಾತು, ಸಮುದ್ರ ಸಮುದ್ರಾನ ಅಲ್ಲೇನು. ಕೇಳಿದ್ರ ನಾನೂ ಬರ್ತಿದ್ನಿ. ಹಿಂದ ಸೀಟು ಖಾಲಿ ಇದ್ವು, ಕಂಡಿದ್ದೆ. ಕೇಳಬೇಕಂದ್ನಿ, ನೀವು ಸೀಟಿ ಊದಿದ್ರಿ."

ತಂಬಿಗೆ ಕೆಳಗಿಟ್ಟು ಬಂದೆ.

ಈಗ ನಿಮಗೆ ನನ್ನ ಸಲಹೆ. ಕಡಲಿಗೆ ಹೋದಾಗ ಹಸಿ ಉಸುಕಿನ ಮೇಲೆ ಏನನ್ನೂ ಇಡಬೇಡಿ. ಉಬ್ಬರದ ಹೊತ್ತನ್ನು ಪುಸ್ತಕದಿಂದಲ್ಲ, ಅಲ್ಲಿ ಮೀನು ಒಣಹಾಕುವವರಿಂದ ಕೇಳಿ ತಿಳಿಯಿರಿ. ಅವರು ಮಾತಾಡುವಾಗ ನೀವು ಸುಮ್ಮನಿರಿ, ಮಕ್ಕಳು ಕೇಳಲಿ. ಸಮುದ್ರ ತೋರಿಸುವ ಮೊದಲು ಮಕ್ಕಳ ಮನೆಯ ಬಚ್ಚಲ ನೀರಿನಿಂದ ಶುರು ಮಾಡಿ. ಅದು ಯಾವ ಹಳ್ಳ, ಯಾವ ಹೊಳೆ, ಯಾವ ಕಡಲು ಎಂದು ಅವರ ಬೆರಳಿನಿಂದಲೇ ನಕಾಶೆಯ ಮೇಲೆ ಎಳೆಸಿ, ಬಣ್ಣ ಹೋದರೆ ಹೋಗಲಿ. ಮಗು ಒಂದು ಶಬ್ದದ ಮೇಲೆ ಕೈ ಎತ್ತಿದರೆ 'ಬರಕೋ' ಎನ್ನಬೇಡಿ. ಬಸ್ಸಿನವನ ಜೊತೆ ಬೇಕಾದಷ್ಟು ಚೌಕಾಶಿ ಮಾಡಿ, ಮೂರು ಸಲ ಎದ್ದು ಹೋಗಿ. ತಾಯಂದಿರ ಜೊತೆ ಬೇಡ. ಅವರಿಗೆ ಹೊಳೆ ಯಾವ ದಿಕ್ಕಿಗೆ ಹರಿಯುತ್ತದೋ ಅದನ್ನೇ ಹೇಳಿ.

ಮತ್ತೆ, ಸೀಟಿ ಊದುವ ಮೊದಲು ಒಮ್ಮೆ ಬಸ್ಸಿನ ಹಿಂದಿನ ಸಾಲು ನೋಡಿ. ಸೀಟು ಖಾಲಿ ಇದ್ದರೆ, ಕಿಟಕಿಯ ಹೊರಗೆ ನಿಂತವರನ್ನು ಕೇಳಿ.